ಒಬ್ಬರಿಗೇ ಹಾಕಿದ ಸ್ಟೂಲು

ಆಸ್ಪತ್ರೆಯಲ್ಲಿ ಕೀಮೋ ಕೊಡುವ ಕೋಣೆಯ ಹೊರಗೆ ಕೂತಿದ್ದೆ. ಪಕ್ಕದ ಕುರ್ಚಿಯಲ್ಲಿ ತಲೆಗೆ ಸೆರಗು ಹೊದ್ದ ಹೆಂಗಸು. ಕುರ್ಚಿ ಸಿಗದೆ ಆಕೆಯ ಎದುರು ನಿಂತಿದ್ದವರು, ಆಕೆ ಕೆಲಸ ಮಾಡುವ ಅಗ್ರಹಾರದ ಸೀರೆ ಅಂಗಡಿಯ ಮಾಲೀಕರು. ಬೇಡವೆಂದರೂ ಮಾತು ಕಿವಿಗೆ ಬೀಳುತ್ತಿತ್ತು.

“ಸಂಬಳ ಹಿಡಿಯಲ್ಲ ದಾಕ್ಷಾಯಣಮ್ಮ. ವಾಸಿಯಾಗೋವರೆಗೂ ಮನೇಲಿರಿ.”

“ಮನೇಲಿ ಗೋಡೆ ನೋಡ್ಕೊಂಡು ಕೂರಕ್ಕೆ ನನ್ನ ಕೈಲಾಗಲ್ಲ ಸಾರ್. ಕೀಮೋ ಆದ ವಾರ ರಜ ಕೊಡಿ, ಸಾಕು. ಮಿಕ್ಕ ದಿನ ಬರ್ತೀನಿ.”

“ದಿನವೆಲ್ಲ ನಿಂತು ಮಾಡೋ ಕೆಲಸ ಕಣ್ರಮ್ಮ. ನಿಮಗೇ ಅಂತ ಒಂದು ಸ್ಟೂಲ್ ಹಾಕ್ಸಿದ್ರೆ, ಅದನ್ನೂ ಗೋಡೌನ್‌ಗೆ ಸಾಗಿಸ್ಬುಟ್ರಿ.”

“ಹುಡುಗೀರೆಲ್ಲ ನಿಂತಿರೋವಾಗ ನಾನೊಬ್ಬಳು ಕೂತಿದ್ರೆ, ಬಂದೋರೆಲ್ಲ ‘ಯಾಕಮ್ಮ, ಏನಾಯ್ತು’ ಅಂತಾರೆ. ಸೀರೆ ತೋರಿಸ್ಲಾ, ಕಾಯಿಲೆ ಕತೆ ಹೇಳ್ಲಾ? ಎಲ್ರಿಗೂ ಹಾಕ್ಸಿ, ನಾನೂ ಕೂರ್ತೀನಿ.”

“ಗಿರಾಕಿ ಬಂದಾಗ ಕೂತಿದ್ರೆ ಏನು ಮರ್ಯಾದೆ? ನಮ್ಮಪ್ಪನ ಕಾಲದಿಂದ ಬಂದ ಅಂಗಡಿ ಅದು.”

“ನಿಮ್ಮಪ್ಪಾಜಿ ಕಾಲದಲ್ಲಿ ಬಿಳಿ ಹಾಸಿನ ಮೇಲೆ ಕೂತೇ ಸೀರೆ ಬಿಡಿಸ್ತಿದ್ವಿ. ಗಿರಾಕೀನೂ ಕೂರ್ತಿದ್ರು, ನಾವೂ ಕೂರ್ತಿದ್ವಿ. ಕೌಂಟರ್ ಮಾಡ್ಸಿ ನಮ್ಮನ್ನ ನಿಲ್ಲಿಸ್ದೋರು ನೀವು.”

ಮಾಲೀಕರು ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಾಯಿಸಿ ಗೋಡೆಗೊರಗಿದರು.

“ಕಾಲು ನೋಯ್ತಾ ಇದ್ಯಾ ಸಾರ್?”

“ನೋಯ್ದೆ ಇರುತ್ತಾ? ಬಂದಾಗಿಂದ ನಿಂತೇ ಇದೀನಲ್ಲ.”

ಅಷ್ಟರಲ್ಲಿ ನರ್ಸ್ ಹೆಸರು ಕೂಗಿದರು. ದಾಕ್ಷಾಯಣಮ್ಮ ಎದ್ದು, ತಾವು ಕೂತಿದ್ದ ಕುರ್ಚಿಯನ್ನು ಮಾಲೀಕರ ಕಡೆ ತಿರುಗಿಸಿದರು.

“ಕೂತ್ಕೊಳ್ಳಿ ಸಾರ್. ಇಲ್ಲಿಗೆ ಗಿರಾಕಿ ಯಾರೂ ಬರಲ್ಲ,” ಎಂದು ಒಳಗೆ ನಡೆದರು.