ನಿಂತ ನೆಲಕ್ಕೊಂದು ಹೊರೆ

ಕಲ್ಲು ಕ್ವಾರಿಯ ಯಜಮಾನನೊಬ್ಬನ ಕಥೆ ಹೇಳುತ್ತೇನೆ, ಕೇಳಿ. ಊರು ಯಾವುದಾದರೂ ಇರಲಿ, ಹೆಸರು ಏನಾದರೂ ಇರಲಿ. ಶ್ರೀಮಂತ ಅಂದರೆ ಶ್ರೀಮಂತ. ಗುಡ್ಡ ಒಡೆದು ದುಡ್ಡು ಮಾಡಿದವನು. ಕೆಟ್ಟವನಲ್ಲ, ನೋಡಿ. ದಾನಿ. ಆದರೆ ಯಾರಿಗೆ ಏನು ಕೊಟ್ಟರೂ ಕಲ್ಲನ್ನೇ ಕೊಡುತ್ತಿದ್ದ. ಶಾಲೆಗೆ ಕಲ್ಲಿನ ಗೋಡೆ, ಗುಡಿಗೆ ಕಲ್ಲಿನ ಮೆಟ್ಟಿಲು. ಕೊಟ್ಟದ್ದು ಉಳಿಯಬೇಕು, ಅದು ಅವನ ಆಸೆ.

ಒಮ್ಮೆ ದೂರದ ದೊಡ್ಡ ಸರೋವರ ನೋಡಲು ಹೋದ. ಗಾಳಿ ಎದ್ದಿತು, ದೋಣಿ ಮಗುಚಿತು, ಕಾಲು ಮುರಿಯಿತು. ನಡುನೀರಿನ ದ್ವೀಪದವರು ಎಳೆದು ತಂದು ಬದುಕಿಸಿದರು. ದ್ವೀಪ ಅಂದರೆ ಮಣ್ಣಿನದಲ್ಲ, ಜೊಂಡುಹುಲ್ಲಿನದು. ಜೊಂಡಿನ ಮೇಲೆ ಜೊಂಡು ಹಾಸಿ ಹಾಸಿ ಮಾಡಿದ ತೇಲುವ ನೆಲ. ಅದರ ಮೇಲೇ ಮನೆ, ಅದರ ಮೇಲೇ ಕೋಳಿ, ಅದರ ಮೇಲೇ ತೊಟ್ಟಿಲು.

ಅವನಿಗೆ ಜಾಗ ಕೊಟ್ಟದ್ದು ಒಬ್ಬ ಮುದುಕಿ. ಮನೆಯಲ್ಲಿ ಅವಳ ಮಗ, ಬಾಣಂತಿ ಸೊಸೆ, ಹಸುಗೂಸು. ಕಾಲಿಗೆ ಬಿದಿರಿನ ಪಟ್ಟಿ ಕಟ್ಟಿದರು, ತಾವರೆ ಗೆಡ್ಡೆ ಬೇಯಿಸಿ ಉಣಿಸಿದರು. ಯಜಮಾನ ಮಲಗಿದಲ್ಲೇ ನೋಡುತ್ತಿದ್ದ: ಮುದುಕಿ ದಿನಾ ಕುಡುಗೋಲು ಹಿಡಿದು ಹೋಗುತ್ತಾಳೆ, ಜೊಂಡಿನ ಹೊರೆ ತರುತ್ತಾಳೆ. ಸೂರಿಗೆ ಇರಬೇಕು ಅಂದುಕೊಂಡ. ಕೇಳಲಿಲ್ಲ. ನಾವೂ ಕೇಳುವುದಿಲ್ಲ, ಅಲ್ಲವೇ? ಮಗನಿಗೆ ಮಾತ್ರ ತಮಾಷೆ. "ಸಾವ್ಕಾರ್ರೇ, ಸ್ವಲ್ಪ ಆಚೀಚೆ ಹೊರಳಿ. ಒಂದೇ ಕಡೆ ಮಲಗಿದ್ರೆ ಮೀನು ಮನೆಯೊಳಗೇ ಬರ್ತಾವೆ" ಅನ್ನುತ್ತಿದ್ದ. ಬಾಣಂತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಕಾಲು ಕೂಡಿತು, ಊರಿಗೆ ಬಂದ. ಬಂದವನಿಗೆ ಅನ್ನ ಇಳಿಯದು. ಇವರ ಋಣ ಹೇಗೆ ತೀರಿಸಲಿ? ಆ ಮನೆಯ ಹಾಸು ಸದಾ ತೇವ, ಕೂಸಿಗೆ ಶೀತವಾದರೆ? ಕ್ವಾರಿಗೆ ಹೋಗಿ ನುಣುಪಾದ ಚಪ್ಪಡಿಗಳನ್ನು ತಾನೇ ಆರಿಸಿದ. ದೊಡ್ಡ ದೋಣಿಗಳಿಗೆ ಹೇರಿಸಿಕೊಂಡು ಹೊರಟ. ಅವನು ಹೋದಾಗ ಮುದುಕಿಯೂ ಮಗನೂ ಜೊಂಡು ಕೊಯ್ಯಲು ಹೋಗಿದ್ದರು. ಬೇಡ ಅನ್ನಲು ಬಾಣಂತಿಗೆ ನಾಚಿಕೆ. ಪ್ರೀತಿಯಿಂದ ತಂದವರಿಗೆ ಬೇಡ ಅನ್ನುವುದು ಹೇಗೆ? ಆಳುಗಳು ತೊಟ್ಟಿಲ ಸುತ್ತ ಕಲ್ಲು ಹಾಸಿದರು. ಕನ್ನಡಿಯಂಥ ನೆಲ. ಯಜಮಾನನ ಕಣ್ಣು ತುಂಬಿತು.

ನೋಡಿ, ಜೊಂಡು ಕಲ್ಲಿನ ಜೊತೆ ಜಗಳ ಆಡುವುದಿಲ್ಲ. ಸುಮ್ಮನೆ ತಗ್ಗುತ್ತದೆ. ಬಿಸಿಲು ಏರುವ ಹೊತ್ತಿಗೆ ಚಪ್ಪಡಿಯ ಸಂದಿನಲ್ಲಿ ನೀರು ಮಿನುಗಿತು. ಆಮೇಲೆ ಪಾದ ಮುಳುಗಿತು. ಆಮೇಲೆ ಮನೆಯೇ ಒಂದು ಪಕ್ಕಕ್ಕೆ ವಾಲಿತು, ತೊಟ್ಟಿಲು ಗೋಡೆಗೆ ಬಡಿಯಿತು. ಯಜಮಾನ ಕೂಸನ್ನು ಎತ್ತಿ ಬಾಣಂತಿಯ ಕೈಗಿಟ್ಟು ಇಬ್ಬರನ್ನೂ ಹೊರಗೆ ದೂಡಿದ. ಮುದುಕಿ ಬಂದಳು, ಮಗ ಬಂದ, ದ್ವೀಪವೇ ಬಂತು. ಯಜಮಾನ ತಾನು ಆರಿಸಿ ತಂದ ಒಂದೊಂದು ಕಲ್ಲನ್ನೂ ಅವರ ಜೊತೆ ಸೇರಿ ತಾನೇ ನೀರಿಗೆ ಉರುಳಿಸಬೇಕಾಯಿತು. ಎಲ್ಲ ಹೋದ ಮೇಲೆ ನೆಲ ಮೆಲ್ಲಗೆ ಮೇಲೆ ಬಂತು. ಆದರೆ ಪೂರ್ತಿ ಬರಲಿಲ್ಲ.

ಮುದುಕಿ ಬಯ್ಯುತ್ತಾಳೆ ಅಂದುಕೊಂಡು ನಿಂತ. ಬಯ್ದಿದ್ದರೆ ಹಗುರಾಗುತ್ತಿದ್ದ. ಅವಳು ಬೆವರು ಒರೆಸಿಕೊಳ್ಳಲು ಬಟ್ಟೆ ಕೊಟ್ಟಳು. ಅಮ್ಮಾ, ಹಾಗಾದರೆ ನಾನು ಏನು ಕೊಡಲಿ ಎಂದು ಅವನು ಅತ್ತ. ಅವಳು ಏನಂದಳು, ಕೇಳಿ.

"ಕೊಡೋದು ಏನೂ ಬೇಡಪ್ಪ. ಇಲ್ಲಿ ಯಾರು ನಿಂತರೂ ನೆಲ ಒಂದಿಷ್ಟು ತಗ್ಗುತ್ತೆ. ಅದಕ್ಕೇ ನಿಂತ ಜಾಗಕ್ಕೆ ದಿನಾ ಒಂದು ಹೊರೆ ಜೊಂಡು. ನೀನು ಮಲಗಿದ್ದಾಗ ನಿನ್ನ ಹೊರೆ ನಾನು ಹಾಕ್ತಿದ್ದೆ. ಈಗ ನಿನಗೆ ಕಾಲು ಬಂದಿದೆಯಲ್ಲ."

ಕುಡುಗೋಲು ಅವನ ಕೈಗಿಟ್ಟಳು. ಜೊಂಡಿನ ಅಂಚು ಅಂಗೈ ಸೀಳಿತು. ಸಂಜೆಯೊಳಗೆ ಅವನು ಕೊಯ್ದ ಹೊರೆ ತೊಟ್ಟಿಲ ಕೆಳಗೆ ಬಿತ್ತು. ಅಷ್ಟು ಸಣ್ಣದನ್ನು ಅವನು ಯಾರಿಗೂ ಕೊಟ್ಟಿರಲಿಲ್ಲ. ಕೊಟ್ಟು ಅಷ್ಟು ಸಂತೋಷವನ್ನೂ ಪಟ್ಟಿರಲಿಲ್ಲ.

ಈಗ ನಿಮ್ಮನ್ನು ಕೇಳುತ್ತೇನೆ, ಶರಣರೇ. ನಮ್ಮ ನೆಲ ಗಟ್ಟಿ ಅಂತ ನಿಮಗೆ ಯಾರು ಹೇಳಿದರು? ಕೊಳವೆಬಾವಿ ವರ್ಷ ವರ್ಷ ಆಳಕ್ಕೆ ಹೋಗುತ್ತಿದೆಯಲ್ಲ, ಅಲ್ಲಿ ತಗ್ಗುತ್ತಿರುವುದು ಏನು? ಆದರೂ ನಾವು ಇನ್ನೂ ಮುಳುಗಿಲ್ಲ. ಯಾಕೆ? ಯಾರೋ ನಮ್ಮ ಹೊರೆ ಹಾಕುತ್ತಿದ್ದಾರೆ. ಕೆರೆಯ ಹೂಳು ಹೊತ್ತ ಅಜ್ಜಂದಿರು ಹಾಕಿದರು. ನೆರಳಿಗೆ ಕಾಯದೆ ಆಲದ ಸಸಿ ನೆಟ್ಟು ಹೋದವರು ಹಾಕಿದರು. ನಾವು ಏಳುವ ಮುಂಚೆ ಬೀದಿ ಗುಡಿಸುವ ತಾಯಿ ಇವತ್ತೂ ಹಾಕಿದ್ದಾಳೆ. ಅವರನ್ನು ನೆನೆದು ಕೈ ಮುಗಿಯಿರಿ. ಮುಗಿದ ಕೈ ಖಾಲಿ ಇರಬಾರದು, ಅಷ್ಟೇ.

ಇವತ್ತು ಪ್ರಸಾದ ಆದ ಮೇಲೆ ನಿಮ್ಮ ಎಲೆ ನೀವೇ ಎತ್ತಿ ಗೊಬ್ಬರದ ಗುಂಡಿಗೆ ಹಾಕಿ. ಪಾತ್ರೆ ತೊಳೆದ ನೀರನ್ನು ಗಿಡಕ್ಕೆ ಬಿಡಿ. ದೊಡ್ಡ ದಾನ ಬರೆಸಲು ಯಾರೂ ಬರಬೇಡಿ. ನಾಳೆ ಬೆಳಿಗ್ಗೆ ಕೆರೆಯ ಕಾಲುವೆಗೆ ಬನ್ನಿ; ಅದರಲ್ಲಿ ಸಿಕ್ಕಿಕೊಂಡಿರುವ ಪ್ಲಾಸ್ಟಿಕ್ ನಮ್ಮ ಮನೆಯದೇ. ಒಬ್ಬೊಬ್ಬರು ಒಂದು ಬುಟ್ಟಿ ಹೂಳು ಎತ್ತಿದರೆ ಸಾಕು. ಬುಟ್ಟಿ ಇಲ್ಲದವರಿಗೆ ಮಠದ ಬುಟ್ಟಿಗಳಿವೆ. ಒಂದು ಮಾತ್ರ ಸಿಗುವುದಿಲ್ಲ. ಅದನ್ನು ನಾನು ಹಿಡಿದಿರುತ್ತೇನೆ.