ಮಿತಿಯನ್ನು ಎಲ್ಲಿಡಬೇಕು

ಮಾನ್ಯ ಅಧ್ಯಕ್ಷರೇ, ಅಂದರೆ ನನ್ನ ಅಣ್ಣನವರೇ, ಮುಖ್ಯ ಅತಿಥಿಗಳಾದ ಮಕ್ಕಳ ವೈದ್ಯರೇ, ಹಸಿದಿದ್ದರೂ ಎದ್ದು ಹೋಗದ ಸಭಿಕರೇ,

ಚುಟುಕಾಗಿ ಮಾತಾಡು ಎಂದು ಅಣ್ಣ ಹೇಳಿದ್ದಾರೆ. ನನಗೆ ಮಾತು ಬಂದ ದಿನದಿಂದಲೂ ಅವರು ಅದನ್ನೇ ಹೇಳುತ್ತಿದ್ದಾರೆ.

ನನಗೆ ಈ ಬಹುಮಾನ ಯಾಕೆ? ದಿನ ತುಂಬದೆ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಪೆಟ್ಟಿಗೆ ನಮ್ಮ ಕಂಪನಿಯದು. ಅದರ ಕರ್ನಲ್‌ನಲ್ಲಿ, ಎಂದರೆ ಯಂತ್ರವನ್ನು ಒಳಗಿನಿಂದ ನಡೆಸುವ ತಂತ್ರಾಂಶದಲ್ಲಿ, ನಾನು ಒಂದು ಆಯ್ಕೆ ಮಾಡಿದೆ, ಅದಕ್ಕೆ. ಬಿಸಿ ಎಷ್ಟು ದಾಟಿದರೆ ಗಂಟೆ ಹೊಡೆಯಬೇಕು ಎಂಬ ಮಿತಿಯನ್ನು ಎಲ್ಲಿಡಬೇಕು? ತಂತ್ರಾಂಶದಲ್ಲಿ ಮಾಹಿತಿ ಇಡಲು ಅಕ್ಕಪಕ್ಕದಲ್ಲಿ ಎರಡು ರಚನೆಗಳಿವೆ. ಒಂದು ‘ಫೈಲ್’: ಯಾವುದಾದರೂ ಪರದೆ, ಎಂದರೆ ಮಾನಿಟರ್, ಪೆಟ್ಟಿಗೆಯೊಡನೆ ಸಂಪರ್ಕ ತೆರೆದಾಗಲೆಲ್ಲ ಹೊಸದಾಗಿ ಹುಟ್ಟುತ್ತದೆ, ಮುಚ್ಚಿದಾಗ ಹೋಗುತ್ತದೆ. ಇನ್ನೊಂದು ‘ಡಿವೈಸ್’: ಪೆಟ್ಟಿಗೆಗೆ ಒಂದೇ, ಅದು ಇರುವಷ್ಟು ಕಾಲ. ಮಿತಿ ಮೊದಲು ಫೈಲಿನಲ್ಲಿತ್ತು. ಮಗುವಿನ ಬದಲು ಬಿಸಿನೀರಿನ ಬಾಟಲಿ ಮಲಗಿಸಿ ನೋಡಿದೆವು. ನರ್ಸ್ ಮೇಜಿನ ಪರದೆಯಲ್ಲಿ ಮಿತಿ ಇಳಿಸಿದರೆ ಪೆಟ್ಟಿಗೆಗೇ ಅಂಟಿಕೊಂಡಿರುವ ತೊಟ್ಟಿಲ ಪರದೆಗೆ ಸುದ್ದಿಯೇ ಇಲ್ಲ. ತೊಟ್ಟಿಲ ಗಂಟೆ ಹೊಡೆಯಲೇ ಇಲ್ಲ.

“ಮುಗಿದ ಕೆಲಸಕ್ಕೆ ಮತ್ತೆ ಕೈ ಹಾಕ್ತೀಯಲ್ಲೇ!” ಎಂದು ಅಣ್ಣ ಕೂಗಾಡಿದರು. ನಾನು ಬಿಡಲಿಲ್ಲ. ಮಿತಿಯನ್ನು ಡಿವೈಸಿಗೆ ತಂದೆ. ಮೇಜಿನಲ್ಲಿ ಇಳಿಸಿದ್ದು ತೊಟ್ಟಿಲಲ್ಲೂ ಇಳಿಯಿತು. ಗಂಟೆ ಹೊಡೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದಿರಿ.

ಅಣ್ಣ ಕೂಗಾಡಿದರೆ ನೀವು ಹೆದರುತ್ತೀರಿ. ನಾನು ಹೆದರುವುದಿಲ್ಲ. ಅವರ ಮೊದಲ ಮಗು ಇಂಥದ್ದೇ ಪೆಟ್ಟಿಗೆಯಲ್ಲಿದ್ದಾಗ ಗಾಜಿನ ಹೊರಗೆ ನಾವಿಬ್ಬರೂ ನಿಂತಿದ್ದೆವು. ಅತ್ತಿಗೆಗೆ ಇನ್ನೂ ಎದ್ದು ಬರಲು ಆಗುತ್ತಿರಲಿಲ್ಲ. “ಗಂಟೆ ಹೊಡೀತಿಲ್ಲ ಅಂದ್ರೆ ಮಗು ಚೆನ್ನಾಗಿದೆ ಅಂತಾನಾ, ಗಂಟೆ ಕೆಟ್ಟಿದೆ ಅಂತಾನಾ?” ಎಂದು ಅಣ್ಣ ಕೇಳುತ್ತಲೇ ಇದ್ದರು. ಗಂಟೆ ಸರಿಯಾಗಿಯೇ ಇತ್ತು. ಮಗು ಉಳಿಯಲಿಲ್ಲ. ಕ್ಷಮಿಸಿ, ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಅತ್ತಿಗೆ, ಕೂತ್ಕೊಳ್ಳಿ, ಮುಗಿಸ್ತೀನಿ.

ವಿಷಯಕ್ಕೆ ಬರುತ್ತೇನೆ. ಈಗ ತಾನೇ ವೇದಿಕೆಯ ಪಕ್ಕದಲ್ಲಿ ಸರದಿಗೆ ಕಾಯುವಾಗ ಮೂರನೆಯ ಪರದೆ ನೆನಪಾಯಿತು, ವೈದ್ಯರ ಕೋಣೆಯದು. ಅದು ತೆರೆದ ಕೂಡಲೇ ತನ್ನ ಮಾಮೂಲಿ ಮಿತಿಯನ್ನು ಬರೆದುಬಿಡುತ್ತದೆ. ಮಿತಿ ಫೈಲಿನಲ್ಲಿದ್ದಾಗ ಅದರಿಂದ ಬೇರೆಯವರಿಗೆ ತೊಂದರೆ ಇರಲಿಲ್ಲ. ಈಗ ಎಲ್ಲರಿಗೂ ಮಿತಿ ಒಂದೇ. ವೈದ್ಯರು ಸುಮ್ಮನೆ ನೋಡಲು ತೆರೆದರೂ ನರ್ಸ್ ಇಟ್ಟದ್ದು ಅಳಿಸಿ ಹೋಗುತ್ತದೆ. ಇದನ್ನು ಪರೀಕ್ಷಿಸಿದವರು ಯಾರು? ಯಾರೂ ಇಲ್ಲ. ನಾನೂ ಇಲ್ಲ. ಅಣ್ಣನ ಕಿವಿಯಲ್ಲಿ ಹೇಳಿದೆ. “ಮೊದಲು ಬಹುಮಾನ ತಗೋ, ಆಮೇಲೆ ನೋಡೋಣ” ಎಂದರು.

ಆಮೇಲೆ ಎಂದರೆ ಯಾವಾಗ? ಹಿಂದಿನ ಗೇಟಿನಲ್ಲಿ ಆಸ್ಪತ್ರೆಗಳಿಗೆ ಹೊರಟ ಪೆಟ್ಟಿಗೆಗಳನ್ನು ಲಾರಿಗೆ ಏರಿಸುತ್ತಿದ್ದಾರೆ. ಅಧ್ಯಕ್ಷರೇ, ಎಲ್ಲರೆದುರು ಕೇಳುತ್ತಿದ್ದೇನೆ, ಬೈಯುವುದಿದ್ದರೆ ಮನೆಯಲ್ಲಿ ಬೈಯಿರಿ: ಆ ಲಾರಿ ಇಂದು ಹೊರಡುವುದು ಬೇಡ.

ಅಧ್ಯಕ್ಷರು ಫೋನ್ ತೆಗೆದಿದ್ದಾರೆ. “ಏರಿಸಿದ್ದನ್ನೆಲ್ಲ ಇಳಿಸ್ರಪ್ಪಾ” ಅಂದದ್ದು ಮೈಕಿನಲ್ಲಿ ನಿಮಗೂ ಕೇಳಿಸಿತಲ್ಲ?

ಹಾಗಾದರೆ ಈ ಬಹುಮಾನ ಸದ್ಯಕ್ಕೆ ಇಲ್ಲೇ ಮೇಜಿನ ಮೇಲಿರಲಿ. ನನ್ನ ತಂಡದವರು ಊಟಕ್ಕೆ ಕೂರದೆ ನೇರವಾಗಿ ಲ್ಯಾಬಿಗೆ ಬನ್ನಿ. ಕೇಳಿದ ನಿಮಗೆಲ್ಲ ವಂದನೆಗಳು. ಎದ್ದು ನಿಂತ ಅಣ್ಣನಿಗೂ. ನಮಸ್ಕಾರ.