ಬದುಕಿರುವಾಗಲೇ ಕೇಳಲಿ

ಅಮೆರಿಕದ ಮಾಜಿ ಅಧ್ಯಕ್ಷರೊಬ್ಬರ ಹೆಸರಿನ ಗ್ರಂಥಾಲಯ, ವಸ್ತುಸಂಗ್ರಹಾಲಯವದು. ಅವರ ಕಚೇರಿಯ ಪಡಿಯಚ್ಚಿನಲ್ಲಿ, ಅವರ ಕುರ್ಚಿಯಲ್ಲಿ ಕೂತು ಫೋಟೋ ತೆಗೆಸಿಕೊಳ್ಳಲು ಸಾಲಿನಲ್ಲಿ ನಿಂತಿದ್ದ ನೊರೀನ್‌ಳ ಕಿವಿ ಮುಂದಿದ್ದ ಇಬ್ಬರು ಮುದುಕಿಯರ ಮಾತಿಗೆ ಅಂಟಿಕೊಂಡಿತು.

“ವರ್ನಾ, ಯುದ್ಧದಲ್ಲಿ ಆ ಊರಿಗೆ ಬಾಂಬ್ ಹಾಕಿಸಿದ್ದು ಅಧ್ಯಕ್ಷ ಅಲ್ಲ, ಸೇನೇಲಿದ್ದ ನಿನ್ನ ಗಂಡ ಅಂತ ಗೋಡೆ ಮೇಲೇ ಬರೆದಿದಾರಲ್ಲೇ!”

“ಆ ಅವಮಾನದಲ್ಲೇ ಸತ್ರು ಅವರು. ಬಾಂಬ್ ಹಾಕಿ ಅಂತ ಅಧ್ಯಕ್ಷನೇ ಬಾಯಲ್ಲಿ ಹೇಳಿದ ಆದೇಶಾನ ಅವನ ಕಚೇರೀಲಿ ಟೈಪ್ ಮಾಡಿದೋಳು ನಾನು. ಈ ಗ್ರಂಥಾಲಯದೋರು ಹಳೇ ಸಿಬ್ಬಂದೀನ ನೆನಪು ಹೇಳಿ ಅಂದಾಗ ಎಲ್ಲಾ ಟೇಪಿಗೆ ಹೇಳಿದೀನಿ.”

“ಅಧ್ಯಕ್ಷ ಸತ್ತ ಮೇಲೆ ಟೇಪ್ ತೆರೀರಿ ಅಂತ ಎಲ್ರೂ ಬರೆದುಕೊಟ್ರಲ್ಲ?”

“ನಾನು ಅವನ ತೊಂಬತ್ತನೇ ಹುಟ್ಟುಹಬ್ಬಕ್ಕೆ ಅಂದೆ. ಸತ್ತೋರಿಗೆ ಕಿವಿ ಕೇಳುತ್ತೇನೇ?”

“ಅಯ್ಯೋ, ಇವತ್ತೇ! ಕೆಳಗೆ ಕೇಕ್ ಮುಂದೆ ಕೂತಿದಾನೆ.”

“ಪತ್ರಿಕೆಯೋರನ್ನೂ ಕರೆಸಿದೀನಿ. ನಡಿಯೇ, ಟೇಪ್ ಹಾಕಿಸೋಣ.”

ಇಬ್ಬರೂ ಸಾಲು ಬಿಟ್ಟು ಮೆಟ್ಟಿಲಿಳಿದರು. ಕುರ್ಚಿ ಖಾಲಿಯಾಯಿತೆಂದು ಕಾವಲಿನವನು ಕರೆದರೂ ನೊರೀನ್ ಮುಂದೆ ಹೋಗಲಿಲ್ಲ.